ಕೊರೊನಾ ಟೈಮ್‌ನಲ್ಲಿ ಕೈ ಸುಟ್ಟುಕೊಂಡಿದ್ದೇನೆ, ಹೊಸ ಸಬ್ ಕಾಂಟ್ರಾಕ್ಟ್‌ಗೆ ಸಹಿ ಹಾಕುವ ಮೊದಲು ಏನೇನು ಬರೆಸಬೇಕು?

ಹಾಸನ_ಕಲ್ವರ್ಟ್

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು. ಬಾಕ್ಸ್ ಕಲ್ವರ್ಟ್ (ರಸ್ತೆ ಅಡಿ ಹಳ್ಳದ ನೀರು ಹೋಗಲು ಕಟ್ಟುವ ಕಾಂಕ್ರೀಟ್ ಮೋರಿ), ಚರಂಡಿ, ತಡೆಗೋಡೆ ಕೆಲಸ ಸಬ್ ಕಾಂಟ್ರಾಕ್ಟ್ ಹಿಡಿದು ಮಾಡುತ್ತೇನೆ. ಈಗ ಮೂಡಿಗೆರೆ ಕಡೆ ಒಂದು ರಸ್ತೆ ಕೆಲಸದಲ್ಲಿ ಆರು ಕಲ್ವರ್ಟ್ ಕೊಡುತ್ತೇವೆ ಅಂತ ಮುಖ್ಯ ಗುತ್ತಿಗೆದಾರರು ಕರೆದಿದ್ದಾರೆ. ಅಗ್ರಿಮೆಂಟ್ ಡ್ರಾಫ್ಟ್ ಕೈಗೆ ಬಂದಿದೆ. ಅದರಲ್ಲಿ ಒಂದು ಸಾಲು ಓದಿದ ಮೇಲೆ ಎರಡು ದಿನದಿಂದ ನಿದ್ದೆ ಇಲ್ಲ. ಸಾಂಕ್ರಾಮಿಕ ರೋಗ, ಲಾಕ್‌ಡೌನ್, ಲೇಬರ್ ಕೊರತೆ, ಯಾವ ಕಾರಣಕ್ಕೂ ಅವಧಿ ಹೆಚ್ಚಿಸುವುದಿಲ್ಲ, ದರವನ್ನೂ ಹೆಚ್ಚಿಸುವುದಿಲ್ಲ ಅಂತ ಬರೆದಿದ್ದಾರೆ.

ಯಾಕೆ ಭಯ ಅಂದರೆ, 2020ರಲ್ಲಿ ಸಕಲೇಶಪುರ ತಾಲೂಕಿನಲ್ಲಿ ಐದು ಕಲ್ವರ್ಟ್ ಹಿಡಿದಿದ್ದೆ. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ಮೂರು ಮುಗಿದಿತ್ತು, ನಾಲ್ಕನೆಯದಕ್ಕೆ ರಾಫ್ಟ್ (ತಳದ ಕಾಂಕ್ರೀಟ್ ಹಾಸು) ಹಾಕಿ ಗೋಡೆಗೆ ಕಬ್ಬಿಣ ಕಟ್ಟಿ ನಿಲ್ಲಿಸಿದ್ದೆವು. ರಾಯಚೂರು, ಕೊಪ್ಪಳದ ಹನ್ನೆರಡು ಜನ ಶೆಡ್‌ನಲ್ಲೇ ಉಳಿದರು. ಅವರಿಗೆ ರೇಷನ್ ನಾನೇ ತಂದು ಹಾಕಿದೆ, ಅದಕ್ಕೆ ಬೇಸರ ಇಲ್ಲ. ಆಮೇಲೆ ಅವರು ಊರಿಗೆ ಹೋದರು, ಮಳೆ ಹಿಡಿಯಿತು, ಹಳ್ಳ ತುಂಬಿತು, ಕಟ್ಟಿದ್ದ ಕಬ್ಬಿಣ ತುಕ್ಕು ಹಿಡಿಯಿತು. ಕೆಲಸ ಮುಗಿಸಿದ್ದು 2021ರ ಫೆಬ್ರವರಿಯಲ್ಲಿ. ಇಲಾಖೆಯವರು ಮುಖ್ಯ ಗುತ್ತಿಗೆದಾರರಿಗೆ ದಂಡ ಇಲ್ಲದೆ ಅವಧಿ ವಿಸ್ತರಣೆ ಕೊಟ್ಟರು. ಅವರು ಮಾತ್ರ ನನ್ನ ಬಿಲ್‌ನಲ್ಲಿ ತಡವಾಗಿದೆ ಅಂತ 3 ಲಕ್ಷ 80 ಸಾವಿರ ಹಿಡಿದುಬಿಟ್ಟರು. ಉಳಿದದ್ದನ್ನು ಚೂರುಚೂರಾಗಿ ಕೊಟ್ಟರು, ಕೊನೆಯ ಕಂತು 2024ರ ಮಾರ್ಚ್‌ನಲ್ಲಿ ಬ್ಯಾಂಕಿಗೆ ಬಂತು. (ಈಗ ಕರೆದಿರುವವರು ಬೇರೆಯವರು.)

ಹೊಸ ಅಗ್ರಿಮೆಂಟ್‌ನಲ್ಲಿ ಏನು ಬರೆಸಲಿ? ಹಳೇ ದುಡ್ಡಿಗೆ ಏನಾದರೂ ದಾರಿ ಇದೆಯಾ? ತಿಳಿದವರು ದಯವಿಟ್ಟು ಹೇಳಿ.

ಅರಸೀಕೆರೆ_ನಿವೃತ್ತ_ಇಂಜಿನಿಯರ್

ನಾನು ಮೂವತ್ತು ವರ್ಷ ಸರ್ಕಾರಿ ಕೆಲಸದಲ್ಲಿದ್ದು ಎಂ.ಬಿ. (ಕೆಲಸದ ಅಳತೆ ಪುಸ್ತಕ) ಬರೆದವನು. ನಿಮ್ಮ ಪೋಸ್ಟ್ ಓದಿ ಸಂಕಟವಾಯಿತು. ಇಂಥದ್ದು ನನ್ನ ಕಣ್ಣ ಮುಂದೆಯೇ ಆಗಿದೆ.

ಮೊದಲು ಒಂದು ಕೇಳುತ್ತೇನೆ. ಲಾಕ್‌ಡೌನ್ ಆದ ವಾರದಲ್ಲಿ ನೀವು ಕೆಲಸ ನಿಂತಿದೆ ಅಂತ ಒಂದು ಪತ್ರ ಕೊಟ್ಟಿರಾ? ಬಹುತೇಕ ಕೊಟ್ಟಿರುವುದಿಲ್ಲ. ಇಡೀ ದೇಶಕ್ಕೇ ಗೊತ್ತಿರುವ ವಿಷಯಕ್ಕೆ ಪತ್ರ ಯಾಕೆ ಅನ್ನಿಸುತ್ತದೆ, ಅಲ್ವಾ? ಆದರೆ ಆಮೇಲೆ ಫೈಲ್ ನೋಡುವ ಅಧಿಕಾರಿಗೆ ನಿಮ್ಮ ಸೈಟ್ ಯಾವತ್ತು ನಿಂತಿತು, ಯಾವತ್ತು ಶುರುವಾಯಿತು ಅನ್ನುವ ಕಾಗದವೇ ಬೇಕು. 2020ರ ಏಪ್ರಿಲ್ 20ರಿಂದ ಹಳ್ಳಿ ಕಡೆಯ ರಸ್ತೆ, ನೀರಾವರಿ ಕೆಲಸ ಮಾಡಬಹುದು ಅಂತ ಕೇಂದ್ರದ ಮಾರ್ಗಸೂಚಿ ಬಂದಿತ್ತು. ಹಾಗಾಗಿ ಕಾಗದದ ಮೇಲೆ ಲೆಕ್ಕ ಹಾಕಿದವರು ಏಪ್ರಿಲ್ 20ರ ನಂತರ ಅಡಚಣೆ ಇಲ್ಲ ಅಂತ ಬರೆದರು. ಕ್ರಷರ್ ತೆರೆದಿತ್ತಾ, ಸಿಮೆಂಟ್ ಲಾರಿ ಬಂತಾ, ಬಾರ್ ಬೆಂಡಿಂಗ್‌ನವರು ಇದ್ದರಾ, ಇದೆಲ್ಲ ಅಡಚಣೆ ರಿಜಿಸ್ಟರ್‌ನಲ್ಲಿ (ಕೆಲಸ ಯಾವತ್ತು, ಯಾಕೆ ನಿಂತಿತು ಅಂತ ಬರೆದಿಡುವ ಪುಸ್ತಕ) ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇನ್ನೊಂದು ಮಾತು ನಮ್ಮ ಮಲೆನಾಡಿನದೇ. ಕೇಂದ್ರ ಹಣಕಾಸು ಇಲಾಖೆ 2020ರ ಮೇ 13ರಂದು ಒಂದು ಆದೇಶ ಮಾಡಿತು. ಕಡಿಮೆ ಅಂದರೆ ಮೂರು ತಿಂಗಳು, ಜಾಸ್ತಿ ಅಂದರೆ ಆರು ತಿಂಗಳು ಅವಧಿ ವಿಸ್ತರಿಸಬಹುದು, ದಂಡ ಹಾಕಬಾರದು. ಹೆದ್ದಾರಿ ಸಚಿವಾಲಯವೂ ಜೂನ್ ಮೊದಲ ವಾರದಲ್ಲಿ ಅದೇ ಥರ ಮಾಡಿತು. ಒಳ್ಳೆಯದೇ. ಆದರೆ ಮಾರ್ಚ್ ಕೊನೆಯಿಂದ ಮೂರು ತಿಂಗಳು ಅಂದರೆ ನಮಗೆ ಎಲ್ಲಿಗೆ ಬರುತ್ತದೆ? ಜೂನ್ ಕೊನೆಗೆ. ಸಕಲೇಶಪುರದಲ್ಲಿ ಜುಲೈನಲ್ಲಿ ಹಳ್ಳಕ್ಕೆ ಇಳಿದು ಕಾಂಕ್ರೀಟ್ ಹಾಕುವವರು ಯಾರು? ಅಕ್ಟೋಬರ್‌ವರೆಗೆ ಕೈ ಕಟ್ಟಿ ಕೂರಬೇಕು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಕಾಫಿ ಕೊಯ್ಲು ಹತ್ತಿರ ಬರುತ್ತದೆ, ನವೆಂಬರ್‌ನಿಂದ ಊರಿನ ಆಳುಗಳೆಲ್ಲ ತೋಟಕ್ಕೆ. ಬಯಲುಸೀಮೆಯಲ್ಲಿ ಎರಡು ತಿಂಗಳು ಹೋದರೆ ಎರಡೇ ತಿಂಗಳು. ಘಟ್ಟದ ಮೇಲೆ ಏಪ್ರಿಲ್, ಮೇ ಕಳೆದುಕೊಂಡರೆ ಒಂದು ಸೀಸನ್ನೇ ಹೋದ ಹಾಗೆ. ಆದ್ದರಿಂದ ನಿಮ್ಮ ಅಗ್ರಿಮೆಂಟ್‌ನಲ್ಲಿ ಹೀಗೆ ಬರೆಸಿ: ಸರ್ಕಾರದ ಆದೇಶದಿಂದ ಕೆಲಸ ನಿಂತು, ಅದರಿಂದಾಗಿ ಬಾಕಿ ಕೆಲಸ ಮಳೆಗಾಲಕ್ಕೆ ಬಿದ್ದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನಗಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

2021ರ ಎರಡನೇ ಲಾಕ್‌ಡೌನ್ ಜೂನ್ 14ಕ್ಕೆ ರಾಜ್ಯದ ಹೆಚ್ಚಿನ ಕಡೆ ಸಡಿಲ ಆಯಿತು. ಹಾಸನ, ಚಿಕ್ಕಮಗಳೂರು ಸೇರಿ 11 ಜಿಲ್ಲೆಗಳಲ್ಲಿ ಇನ್ನೂ ಒಂದು ವಾರ ಬಿಗಿ ಇತ್ತು. ಹಾಗಾಗಿ "ರಾಜ್ಯದಲ್ಲಿ ಲಾಕ್‌ಡೌನ್" ಅಂತ ಬರೆಸಬೇಡಿ. "ಕೆಲಸದ ಸ್ಥಳದಲ್ಲಿ, ಅಥವಾ ಸಾಮಾನು, ಆಳು ಬರುವ ಜಿಲ್ಲೆಯಲ್ಲಿ" ಅಂತ ಬರೆಸಿ.

ವಕೀಲೆ_ಚಿಕ್ಕಮಗಳೂರು

ಸರ್ ಹೇಳಿದ್ದು ಸರಿ. ಕಾನೂನಿನ ಕಡೆಯಿಂದ ನಾನು ಸ್ವಲ್ಪ ಸೇರಿಸುತ್ತೇನೆ.

ಹಳೇ ದುಡ್ಡು ಮೊದಲು. ಸಾಮಾನ್ಯವಾಗಿ ಇಂಥ ಬಾಕಿಗೆ ದಾವೆ ಹೂಡಲು ಮೂರು ವರ್ಷ. ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಲೆಕ್ಕದಿಂದ ಹೊರಗಿಟ್ಟಿತು. ಅಂದರೆ ನಿಮ್ಮ 2021ರ ಬಾಕಿಗೆ ಮೂರು ವರ್ಷ ಶುರುವಾಗಿದ್ದೇ 2022ರ ಮಾರ್ಚ್‌ನಿಂದ. ಅದು ಮುಗಿಯುವ ಮೊದಲೇ, 2024ರ ಮಾರ್ಚ್‌ನಲ್ಲಿ, ಅವರು ಒಂದು ಕಂತು ಕೊಟ್ಟಿದ್ದಾರೆ. ಬಾಕಿಯಲ್ಲಿ ಭಾಗ ಕೊಟ್ಟರೆ ಅಲ್ಲಿಂದ ಹೊಸದಾಗಿ ಮೂರು ವರ್ಷ ಎಣಿಸಬಹುದು. ಆದರೆ ಆ ಪಾವತಿ ಯಾವ ಬಾಕಿಗೆ ಅಂತ ಅವರೇ ಬರೆದ ಏನಾದರೂ ಬೇಕು. ಮೆಸೇಜ್, ಇಮೇಲ್, ಸಹಿ ಮಾಡಿದ ಲೆಕ್ಕದ ಹಾಳೆ ಹುಡುಕಿ. ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೇ ಸಾಲದೇ ಹೋಗಬಹುದು. ಹಿಡಿದಿರುವ ದಂಡದ ಬಗ್ಗೆ ಅವರು ತಕರಾರು ತೆಗೆಯುತ್ತಾರೆ, ಅದಕ್ಕೂ ತಯಾರಿರಿ. ತಡ ಮಾಡದೆ ಕಾಗದ ಎಲ್ಲ ತಗೊಂಡು ಒಬ್ಬ ವಕೀಲರನ್ನು ನೋಡಿ.

ದಂಡ ಹಿಡಿದದ್ದಕ್ಕೆ ನಿಮ್ಮ ಕಡೆ ಒಳ್ಳೆಯ ವಾದ ಇದೆ. ಇಲಾಖೆ ಅವರಿಗೆ ದಂಡ ಹಾಕಿಲ್ಲ ಅಂದರೆ ನಿಮ್ಮ ತಡದಿಂದ ಅವರಿಗೆ ಆದ ನಷ್ಟ ಏನು? ಕರಾರು ಮುರಿದಾಗ ಕೊಡುವ ಪರಿಹಾರಕ್ಕೆ ಸಂಬಂಧಿಸಿದ ಕರಾರು ಕಾಯ್ದೆಯ 74ನೇ ಸೆಕ್ಷನ್ ಬಗ್ಗೆ ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಪ್ರಕರಣದಲ್ಲಿ ಹೇಳಿದ್ದು ಇದನ್ನೇ, ನಷ್ಟವೇ ಇಲ್ಲದ ಕಡೆ ಪರಿಹಾರ ಅಂತ ದುಡ್ಡು ಹಿಡಿಯುವಂತಿಲ್ಲ. ಇಲಾಖೆಯ ಅವಧಿ ವಿಸ್ತರಣೆ ಆದೇಶದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ.

ಇನ್ನು ಹೊಸ ಅಗ್ರಿಮೆಂಟ್. ಎಷ್ಟೋ ಜನ ಫೋರ್ಸ್ ಮೆಜೂರ್ (ನಮ್ಮ ಕೈಮೀರಿದ ಅಡಚಣೆ) ಅನ್ನುವ ಪದ ಇದ್ದರೆ ಸಾಕು ಅಂದುಕೊಳ್ಳುತ್ತಾರೆ. ಅದು ಎಲ್ಲದಕ್ಕೂ ಆಗಿಬರುವುದಿಲ್ಲ. ಸಾಮಾನಿನ ಬೆಲೆ ಏರಿತು, ಕೆಲಸ ಗಿಟ್ಟುವುದಿಲ್ಲ ಅಂದರೆ ಅದು ಫೋರ್ಸ್ ಮೆಜೂರ್ ಅಲ್ಲ ಅಂತ 2017ರ ಎನರ್ಜಿ ವಾಚ್‌ಡಾಗ್ ತೀರ್ಪಿನಲ್ಲೇ ಇದೆ. ಬೆಲೆಗೆ ಬೇರೆಯದೇ ಷರತ್ತು ಬೇಕು. ಹಾಗೆಯೇ ಲಾಕ್‌ಡೌನ್‌ಗೆ ಮೊದಲೇ ಕೆಲಸ ಕುಂಟುತ್ತಿದ್ದರೆ ಆಮೇಲೆ ಕೊರೊನಾ ಹೆಸರು ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. 2020ರ ಮೇ ಕೊನೆಯಲ್ಲಿ ದೆಹಲಿ ಹೈಕೋರ್ಟ್ ಹ್ಯಾಲಿಬರ್ಟನ್ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಸರ್ ಹೇಳಿದ ಮೇ 13ರ ಆದೇಶಕ್ಕೂ ಫೆಬ್ರವರಿ 19ಕ್ಕೆ ಮೊದಲು ಗುತ್ತಿಗೆದಾರ ತಪ್ಪಿತಸ್ಥ ಆಗಿರಬಾರದು ಅನ್ನುವ ಷರತ್ತಿತ್ತು. ಅದಕ್ಕೇ ತಿಂಗಳಿಗೊಮ್ಮೆಯಾದರೂ ಕೆಲಸ ಎಲ್ಲಿಗೆ ಬಂದಿದೆ ಅಂತ ಎರಡೂ ಕಡೆ ಸಹಿ ಇರುವ ಒಂದು ಹಾಳೆ ಇಟ್ಟುಕೊಳ್ಳಿ.

ನೀವು ತೋರಿಸಿದ ಆ ಸಾಲಿಗೆ ಬದಲು ಇಷ್ಟು ಕೇಳಿ: ಮುಖ್ಯ ಗುತ್ತಿಗೆದಾರರಿಗೆ ಇಲಾಖೆ ಎಷ್ಟು ಅವಧಿ ಕೊಡುತ್ತದೋ, ನಿಮ್ಮ ಕೆಲಸಕ್ಕೆ ಸಂಬಂಧಿಸಿದಷ್ಟು ನಿಮಗೂ ತಾನಾಗಿಯೇ ಸಿಗಬೇಕು, ಅವರಿಗೆ ದಂಡ ಬೀಳದಿದ್ದರೆ ನಿಮಗೂ ಬೀಳಬಾರದು. ಇದನ್ನು ನ್ಯಾಯವಾಗಿ ಬೇಡ ಅನ್ನಲು ಅವರಿಗೆ ಕಾರಣವೇ ಇಲ್ಲ.

ಕಡೂರು_ಪೈಪ್‌ಲೈನ್

ಅಣ್ಣ, ನಾನು ಆಗ ಇನ್ನೊಂದು ಕಡೆ ಇದ್ದೆ, ಕೆಲಸ ಕೊಡುವವರ ಆಫೀಸಿನಲ್ಲಿ. ಕುಡಿಯುವ ನೀರಿನ ಕೆಲಸ. ಅವರ ಭಯ ಏನು ಅಂತಲೂ ತಿಳಿದರೆ ನಿಮಗೆ ಮಾತಾಡಲು ಸುಲಭ.

ನಮಗಿದ್ದ ದೊಡ್ಡ ಭಯ, ಮುಂಗಡ ತಗೊಂಡವರು ವಾಪಸ್ ಬರುವುದಿಲ್ಲ ಅನ್ನುವುದು. ಮುಂಗಡಕ್ಕೆ ಭದ್ರತೆಯಾಗಿ ಒಬ್ಬರು ಕೊಟ್ಟಿದ್ದ ಬ್ಯಾಂಕ್ ಗ್ಯಾರಂಟಿ ಏಪ್ರಿಲ್‌ನಲ್ಲೇ ಮುಗಿಯುವುದಿತ್ತು, ಯಾರೂ ನೋಡಿರಲಿಲ್ಲ, ಮೂರು ದಿನ ಇರುವಾಗ ಓಡಾಡಿ ನವೀಕರಿಸಿದೆವು. ತೋಡಿದ ಟ್ರೆಂಚ್ ಹಾಗೇ ಬಿಟ್ಟು ಹೋದ ಕಡೆ ಮೊದಲ ಮಳೆಗೆ ಮಣ್ಣು ಕುಸಿಯಿತು. ಅದನ್ನು ಮತ್ತೆ ತೋಡುವ ಖರ್ಚು ಯಾರದು ಅಂತ ಒಂದು ವರ್ಷ ಜಗಳ. ಅಗ್ರಿಮೆಂಟ್‌ನಲ್ಲಿ ಅದರ ಬಗ್ಗೆ ಒಂದಕ್ಷರ ಇರಲಿಲ್ಲ. ಆದ್ದರಿಂದ ಕೆಲಸ ನಿಂತ ವಾರದೊಳಗೆ ಜಂಟಿ ಅಳತೆ ಆಗಬೇಕು, ಅರ್ಧ ಆದ ಕೆಲಸ ಭದ್ರ ಮಾಡುವುದಕ್ಕೆ ಒಂದು ದರ ಇರಬೇಕು ಅಂತ ಬರೆಸಿ. ನಿಮ್ಮ ನಾಲ್ಕನೇ ಕಲ್ವರ್ಟಿನ ಕಬ್ಬಿಣಕ್ಕೂ ಇದೇ ಬೇಕಿತ್ತು. ಸಿಮೆಂಟ್ ಸ್ಲರಿ ಬಳಿದು ಮುಚ್ಚಿಡಲು ಎರಡು ಆಳಿನ ಕೂಲಿ ಸಾಕಾಗಿತ್ತು.

ಇನ್ಶೂರೆನ್ಸ್ ಇದ್ದರೆ ಕೆಲಸ ನಿಂತಿದೆ ಅಂತ ಕಂಪನಿಗೂ ತಿಳಿಸಬೇಕು. ನಿಂತ ಸೈಟಿಗೆ ಪಾಲಿಸಿ ನಡೆಯದೇ ಹೋಗಬಹುದು.

ನಾನು ಕಣ್ಣಾರೆ ಕಂಡದ್ದು ಇನ್ನೊಂದು. ನಮ್ಮಲ್ಲಿ ಇಬ್ಬರು ಗುತ್ತಿಗೆದಾರರು. ಒಬ್ಬರಿಗೆ ಲಾಕ್‌ಡೌನ್‌ಗೆ ಮೊದಲು ಅಳತೆ ಆದ ಬಿಲ್ ಮೇ ತಿಂಗಳಲ್ಲೇ ಪಾಸ್ ಆಯಿತು. ಇನ್ನೊಬ್ಬರದ್ದು ಯಾವುದೋ ಸಹಿಗೆ ಕಾದು ಸೆಪ್ಟೆಂಬರ್ ಆಯಿತು. ಮೊದಲಿನವರು ಮೇಸ್ತ್ರಿಗೆ ದುಡ್ಡು ಕಳಿಸಿ ಆಳುಗಳನ್ನು ವಾಪಸ್ ಕರೆಸಿದರು. ಎರಡನೆಯವರ ಮೇಸ್ತ್ರಿ ಫೋನೇ ಎತ್ತಲಿಲ್ಲ, ಹಳೇ ಬಾಕಿ ಕೊಡದವರ ಕೆಲಸಕ್ಕೆ ಯಾರು ಬರುತ್ತಾರೆ? ಆ ಲೈನ್ ಒಂದೂವರೆ ವರ್ಷ ತಡವಾಯಿತು, ಅಷ್ಟು ದಿನ ಆ ಊರಿನ ಹೆಂಗಸರು ಟ್ಯಾಂಕರ್ ಮುಂದೆ ನಿಂತರು. ನನಗೆ ಈಗಲೂ ಅದು ಮನಸ್ಸಿನಲ್ಲಿದೆ. ಹಾಗಾಗಿ ಕೆಲಸ ನಿಂತರೆ ಅಲ್ಲಿವರೆಗಿನ ಅಳತೆಯ ದುಡ್ಡು ಇಷ್ಟು ದಿನದಲ್ಲಿ ಕೊಡಬೇಕು ಅಂತ ದಿನದ ಸಂಖ್ಯೆ ಹಾಕಿಸಿ. ಬೇರೆ ಏನು ಬಿಟ್ಟುಕೊಟ್ಟರೂ ಇದನ್ನು ಬಿಡಬೇಡಿ.

ಮತ್ತೆ ನಿಮ್ಮ ಆಳುಗಳನ್ನು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿ. ಆ ಮಂಡಳಿಗೆ ಅಂತ ಬಿಲ್‌ನಲ್ಲಿ ಶೇ 1ರಷ್ಟು ಸೆಸ್ ಹೇಗೂ ಹಿಡಿಯುತ್ತಾರೆ. 2020ರಲ್ಲಿ ಸರ್ಕಾರ 5,000 ರೂಪಾಯಿ ಕೊಟ್ಟಾಗ ನೋಂದಣಿ ಇದ್ದವರಿಗೆ ಮಾತ್ರ ಸಿಕ್ಕಿತು. ನಮ್ಮ ಸೈಟಿನ ಅರ್ಧ ಜನರಿಗೆ ಕಾರ್ಡೇ ಇರಲಿಲ್ಲ.

ಹಾಸನ_ಕಲ್ವರ್ಟ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರ್, ನೀವು ಕೇಳಿದ ಹಾಗೆ ಆಗ ಪತ್ರ ಕೊಟ್ಟಿರಲಿಲ್ಲ. ಆದರೆ ಸೈಟಿನ ಡೈರಿ ಸಿಕ್ಕಿತು. ಮೇಸ್ತ್ರಿ ದಿನಾ ಎಷ್ಟು ಆಳು ಅಂತ ಬರೆದಿದ್ದಾನೆ, ಏಪ್ರಿಲ್ 20ರ ನಂತರವೂ "ಜಲ್ಲಿ ಇಲ್ಲ" ಅಂತ ಹದಿನೇಳು ದಿನ ಬರೆದಿದ್ದಾನೆ. 2024ರ ಪಾವತಿಗೆ ಅವರ ಅಕೌಂಟೆಂಟ್ ಕಳಿಸಿದ ವಾಟ್ಸಾಪ್ ಮೆಸೇಜ್ ಕೂಡ ಇದೆ. ಸೋಮವಾರ ವಕೀಲರ ಹತ್ತಿರ ಹೋಗುತ್ತೇನೆ.

ಹೊಸಬರ ಜೊತೆ ನಿನ್ನೆ ಕೂತು ಮಾತಾಡಿದೆ. ಅವಧಿ, ದಂಡ, ಮಳೆಗಾಲ ಮೂರಕ್ಕೂ ಒಪ್ಪಿದರು. ಅಳತೆ ಆದ ದುಡ್ಡು 30 ದಿನದಲ್ಲಿ ಅಂತ ಬರೆದರು. ಕಬ್ಬಿಣ, ಸಿಮೆಂಟ್ ಬೆಲೆ ಏರಿದರೆ ಮಾತ್ರ ಒಂದು ರೂಪಾಯಿಯೂ ಕೊಡುವುದಿಲ್ಲ ಅನ್ನುತ್ತಾರೆ. 2021ರಲ್ಲಿ ಕಬ್ಬಿಣ ಏರಿದ್ದು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಏನು ಮಾಡಲಿ?

ಅರಸೀಕೆರೆ_ನಿವೃತ್ತ_ಇಂಜಿನಿಯರ್

ಹಾಗಾದರೆ ಕಬ್ಬಿಣ, ಸಿಮೆಂಟ್ ಅವರೇ ತಂದು ಹಾಕಲಿ ಅನ್ನಿ. ಇಲಾಖೆ ಜೊತೆಗಿನ ಅವರ ಟೆಂಡರಿನಲ್ಲಿ ಬೆಲೆ ಹೊಂದಾಣಿಕೆ ಷರತ್ತು ಇದೆಯಾ ಅಂತಲೂ ಕೇಳಿ ನೋಡಿ. ಇದ್ದರೆ ಏರಿಕೆಯ ದುಡ್ಡು ಅವರಿಗೆ ಹೇಗೂ ಬರುತ್ತದೆ. ನೀವು ಸೆಂಟ್ರಿಂಗ್ (ಕಾಂಕ್ರೀಟ್‌ಗೆ ಅಚ್ಚು ಕಟ್ಟುವುದು), ಕಬ್ಬಿಣ ಕಟ್ಟುವುದು, ಕಾಂಕ್ರೀಟ್ ಹಾಕುವುದು ಇಷ್ಟಕ್ಕೆ ಲೇಬರ್ ರೇಟ್ ಕೊಡಿ. ಲಾಭ ಸ್ವಲ್ಪ ಕಡಿಮೆ. ಸಾಮಾನು ಕೊಟ್ಟ ದಿನ, ತೂಕ ಎರಡನ್ನೂ ಬರೆದು ಸಹಿ ಹಾಕಿಸಿಕೊಳ್ಳಿ, ಸಾಮಾನು ತಡವಾದರೆ ಆ ದಿನಗಳೂ ಅವಧಿಗೆ ಸೇರಬೇಕು ಅಂತ ಒಂದು ಸಾಲು ಸೇರಿಸಿ. ಅದಕ್ಕೂ ಒಪ್ಪದಿದ್ದರೆ ಈ ಕೆಲಸ ಬಿಡಿ.

ಹಾಸನ_ಕಲ್ವರ್ಟ್

ಇವತ್ತು ಬೆಳಿಗ್ಗೆ ಒಪ್ಪಿದರು ಸರ್. ಸಾಮಾನು ಅವರದು, ತಡವಾದ ದಿನದ ಸಾಲೂ ಸೇರಿಸಿದ್ದಾರೆ. ಮೇಸ್ತ್ರಿಗೆ ಫೋನ್ ಮಾಡಿದೆ, ದೀಪಾವಳಿ ಮುಗಿಸಿಕೊಂಡು ಎಂಟು ಜನ ಬರುತ್ತಾರಂತೆ. ಎಲ್ಲರ ಆಧಾರ್ ಪ್ರತಿ ಕಳಿಸು, ಕಾರ್ಮಿಕ ಕಾರ್ಡ್ ಮಾಡಿಸೋಣ ಅಂತ ಹೇಳಿದ್ದೇನೆ.