ಹೈಡ್ರಾಕ್ಸಿಕ್ಲೋರೋಕ್ವಿನ್ 400: ಅಮ್ಮನಿಗೆ ಡೋಸ್ ಹೆಚ್ಚಾಯಿತೇ?

ಪ್ರಶ್ನೆ (ಸಕಲೇಶಪುರ): ಅಮ್ಮನಿಗೆ ರುಮಟಾಯ್ಡ್ ಸಂಧಿವಾತ, ತೂಕ 48 ಕೆಜಿ. ದಿನಕ್ಕೆ 400 ಮಿಗ್ರಾಂ ಬರೆದಿದ್ದಾರೆ. ಕಣ್ಣಿಗೆ ತೊಂದರೆಯೇ? ಆಂಟಾಸಿಡ್ ಕೂಡ ಕುಡಿಯುತ್ತಾರೆ.

ಫಾರ್ಮಸಿಸ್ಟ್, ಹಾಸನ: ದೀರ್ಘಕಾಲಕ್ಕೆ ಮಿತಿ ಕೆಜಿಗೆ ದಿನಕ್ಕೆ 5 ಮಿಗ್ರಾಂ, ಅಮ್ಮನಿಗೆ 240. ನಾನೂರು ಅಂದರೆ ಕೆಜಿಗೆ 8 ದಾಟಿತು. ಶುರುವಿಗೆ ಮಾತ್ರ ಹಾಗೆ ಕೊಟ್ಟಿರಬಹುದು, ಈ ವಾರವೇ ಡಾಕ್ಟರನ್ನು ಕೇಳಿ. ನೀವಾಗಿ ನಿಲ್ಲಿಸಬೇಡಿ. ಊಟದ ಜೊತೆ ಕೊಡಿ. ಆಂಟಾಸಿಡ್‌ಗೂ ಮಾತ್ರೆಗೂ 4 ಗಂಟೆ ಅಂತರವಿರಲಿ, ಇಲ್ಲದಿದ್ದರೆ ಔಷಧ ಮೈಗೆ ಹತ್ತದು.

ನೇತ್ರ ತಪಾಸಕಿ, ಚಿಕ್ಕಮಗಳೂರು: ಮೊದಲ ವರ್ಷದೊಳಗೆ ಒಮ್ಮೆ ರೆಟಿನಾ (ಕಣ್ಣಿನ ಒಳಪದರ) ನೋಡಿಸಿ. 5 ವರ್ಷದ ನಂತರ ವರ್ಷಕ್ಕೊಮ್ಮೆ ಓಸಿಟಿ (ರೆಟಿನಾ ಸ್ಕ್ಯಾನ್), ವಿಷುಯಲ್ ಫೀಲ್ಡ್ (ನೋಟದ ವ್ಯಾಪ್ತಿಯ ಪರೀಕ್ಷೆ). ಕಿಡ್ನಿ ತೊಂದರೆಯಿದ್ದರೆ ಇನ್ನೂ ಮುಂಚೆ. ಮಂಜಾಗುವವರೆಗೆ ದಯವಿಟ್ಟು ಕಾಯಬೇಡಿ, ರೆಟಿನಾ ಹಾನಿ ವಾಪಸ್ ಸರಿಹೋಗುವುದಿಲ್ಲ.

ಫಾರ್ಮಸಿಸ್ಟ್, ಹಾಸನ: ಮರೆತಿದ್ದೆ, ಶುಗರ್ ಮಾತ್ರೆಯಿದ್ದರೆ ಸಕ್ಕರೆ ಇಳಿಯಬಹುದು. ಜ್ವರಕ್ಕೆ ಅಜಿತ್ರೋಮೈಸಿನ್ ಬರೆದರೆ ಈ ಮಾತ್ರೆ ನಡೆಯುತ್ತಿರುವುದನ್ನೂ ಹೇಳಿ, ಎರಡೂ ಸೇರಿದರೆ ಎದೆಬಡಿತದ ಲಯ ತಪ್ಪಬಹುದು. ಮಕ್ಕಳ ಕೈಗೆ ಸಿಗದಂತೆ ಇಡಿ. ಕೆಲವೇ ಮಾತ್ರೆ ನುಂಗಿದರೂ ಪ್ರಾಣಾಪಾಯ.