ಧ್ವನಿಮುದ್ರಣವೇ ಇಲ್ಲದ ಕೌರ್ನಾ ಭಾಷೆಯ ಉಚ್ಚಾರ ಗೊತ್ತಾಗಿದ್ದು ಹೇಗೆ?

ಪ್ರಶ್ನೆ: ಮೇಡಂ, ನಾನಿರುವುದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ. ಇಲ್ಲಿನ ಮೂಲನಿವಾಸಿಗಳ ಕೌರ್ನಾ ಭಾಷೆಯನ್ನು ಸರಾಗವಾಗಿ ಆಡುತ್ತಿದ್ದ ಕೊನೆಯವರು ಇವಾರಿಟ್ಜಿ. ಅವರು 1929ರಲ್ಲಿ ತೀರಿಕೊಂಡರು. ಅವರ ಕಾಲದ ಮಾತಿನ ಧ್ವನಿಮುದ್ರಣವೂ ಇಲ್ಲವಂತೆ. ಮತ್ತೆ ಉಚ್ಚಾರ ಹೀಗೇ ಇತ್ತು ಅಂತ ಹೇಗೆ ಹೇಳ್ತಾರೆ?

ಉತ್ತರ: ಮುಖ್ಯ ಆಧಾರ ಇಬ್ಬರು ಜರ್ಮನ್ ಪಾದ್ರಿಗಳ ಬರವಣಿಗೆ. ಟೈಖೆಲ್‌ಮನ್ ಮತ್ತು ಶೂರ್ಮನ್ 1838ರಲ್ಲಿ ಅಲ್ಲಿಗೆ ಬಂದರು. ಮುಲ್ಲಾವಿರ್ರಾಬುರ್ಕಾ, ಕಡ್ಲಿಟ್ಪಿನ್ನಾ ಮುಂತಾದ ಹಿರಿಯರಿಂದ ಕಲಿತು, 1840ರಲ್ಲೇ ವ್ಯಾಕರಣ ಮತ್ತು ಪದಪಟ್ಟಿ ಅಚ್ಚು ಹಾಕಿಸಿದರು. ಕೆಲಸ ದೊಡ್ಡದೇ. ಆದರೆ ಅವರ ಕಿವಿ ಜರ್ಮನ್ ಕಿವಿ. ಹಲ್ಲಿಗೆ ನಾಲಿಗೆ ತಾಗುವ ತ, ವಸಡಿಗೆ ತಾಗುವ ಇಂಗ್ಲಿಷ್ ಥರದ್ದು, ನಾಲಿಗೆ ಹಿಂದಕ್ಕೆ ಮಡಿಸುವ ನಮ್ಮ ಟ, ಈ ಮೂರೂ ಆ ಭಾಷೆಯಲ್ಲಿ ಬೇರೆ ಬೇರೆ. ನ, ಲ ಕೂಡ ಹಾಗೇ. ಪಾದ್ರಿಗಳು ಈ ವ್ಯತ್ಯಾಸವನ್ನು ಒಮ್ಮೆ ಗುರುತಿಸಿದರು, ಒಮ್ಮೆ ಬಿಟ್ಟರು. ರಕಾರದಲ್ಲೂ ಒಂದಕ್ಕಿಂತ ಜಾಸ್ತಿ ಬಗೆಗಳಿದ್ದವು, ಅಲ್ಲೂ ಇದೇ ಕಥೆ.

ಬಿಟ್ಟದ್ದನ್ನು ತುಂಬಲು ಕೌರ್ನಾಗೆ ಹತ್ತಿರದ ನಂಟಿರುವ ನುಕುನು ಭಾಷೆ ನೆರವಾಯಿತು. ಭಾಷಾವಿಜ್ಞಾನಿ ಲೂಯಿಸ್ ಹರ್ಕಸ್ ಅದರ ಮಾತುಗಾರರಿಂದಲೇ ಕೇಳಿ ದಾಖಲಿಸಿದ್ದರು. ಎರಡರಲ್ಲೂ ಸಿಗುವ ಪದಗಳನ್ನು ಹೋಲಿಸಿದರೆ ಯಾವುದು ನ, ಯಾವುದು ಣ ಅಂತ ಬಹಳಷ್ಟು ಕಡೆ ತಿಳಿಯುತ್ತದೆ.

ಇನ್ನೊಂದು ವಿಷಯ. ಕ–ಗ, ಪ–ಬ ಬದಲಿಸಿದರೆ ಕೌರ್ನಾದಲ್ಲಿ ಪದದ ಅರ್ಥ ಬದಲಾಗುವುದಿಲ್ಲ. ಣಕಾರದ ನಂತರ ಬರುವ ಟ–ಡ ಕೂಡ ಹಾಗೇ. ಅದಕ್ಕೇ ನಿಮ್ಮೂರಿನ ವಿಕ್ಟೋರಿಯಾ ಚೌಕದ ಕೌರ್ನಾ ಹೆಸರು, ತಾರ್ನ್‌ಡಾನ್ಯಂಗಾ, ಆಮೇಲೆ ತಾರ್ನ್‌ಟಾನ್ಯಂಗಾ ಆಯಿತು. ಬದಲಾಗಿದ್ದು ಬರೀ ಕಾಗುಣಿತ. ಮಧ್ಯದ ಸದ್ದು 'ಗಂಟು' ಎಂಬಲ್ಲಿ ನಾವು ಆಡುವ ಣ್ಟ. ಬೋರ್ಡಿನಲ್ಲಿ ಕಾಣುವ ಆ ರಕಾರವನ್ನು ಬೇರೆಯಾಗಿ ಉಚ್ಚರಿಸಬೇಡಿ. ಸ, ಹ, ಫ ಈ ಭಾಷೆಯಲ್ಲಿ ಇಲ್ಲವೇ ಇಲ್ಲ. ಸ್ವರಗಳು ಅ, ಇ, ಉ ಮತ್ತು ಅವುಗಳ ದೀರ್ಘ. ಕಷ್ಟ ಅನ್ನಿಸುವುದು 'ಕಡ್ಲಿ' (ನಾಯಿ) ಥರದ ಪದ. ಲಕಾರಕ್ಕೆ ಮುಂಚೆ ನಾಲಿಗೆ ಒಂದು ಕ್ಷಣ ಗಾಳಿಯನ್ನು ಪೂರ್ತಿ ತಡೆಯುತ್ತದೆ.

ಪ್ರಶ್ನೆ: ಟ, ಣ ಎಲ್ಲ ಇದೆ ಅಂದ್ರೆ ದ್ರಾವಿಡ ಭಾಷೆಗಳಿಗೂ ಇದಕ್ಕೂ ನಂಟಿದೆಯಾ ಮೇಡಂ?

ಉತ್ತರ: 19ನೇ ಶತಮಾನದಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಕಾಲ್ಡ್‌ವೆಲ್ ಕೂಡ ಆಸ್ಟ್ರೇಲಿಯಾದ ಭಾಷೆಗಳತ್ತ ಬೊಟ್ಟು ಮಾಡಿದ್ದರು. ನಂಟು ಸಾಬೀತಾಗಿಲ್ಲ. ಸದ್ದು ಒಂದೇ ಥರ ಇದ್ದ ಮಾತ್ರಕ್ಕೆ ಸಂಬಂಧ ಹೇಳಲಾಗದು, ವಾಟ್ಸಾಪ್‌ನಲ್ಲಿ ಬರುವುದನ್ನು ಸುಮ್ನೆ ನಂಬಬೇಡಿ. ಈಗಿನ ಕೌರ್ನಾ ಕೇಳಬೇಕಿದ್ದರೆ ಅಡಿಲೇಡ್ ವಿಶ್ವವಿದ್ಯಾಲಯದ ಜತೆ ಕೆಲಸ ಮಾಡುತ್ತಾ ಬಂದಿರುವ 'ಕೌರ್ನಾ ವಾರ್ರಾ ಪಿಂತ್ಯಾಂತಿ' ತಂಡದ ಪಾಠಗಳನ್ನು ಹುಡುಕಿ. ಕಲಿಸುವವರಲ್ಲಿ ಕೌರ್ನಾ ಜನರೇ ಇದ್ದಾರೆ.