ಬಿಎಸ್6 ವ್ಯಾನ್‌ಗೆ ಸೆಕೆಂಡ್ ಹ್ಯಾಂಡ್ ಡಿಪಿಎಫ್: ತಗೋಬಹುದಾ, ಏನೇನು ನೋಡಬೇಕು?

ಬಾತಿ_ವ್ಯಾನ್ (ದಾವಣಗೆರೆ):
2021ರ ಬಿಎಸ್6 ಡೀಸೆಲ್ ವ್ಯಾನ್, 1,38,000 ಕಿ.ಮೀ. ಶಾಲೆ ಮಕ್ಕಳ ಟ್ರಿಪ್ಪು, ಓಡಾಟವೆಲ್ಲ ಊರೊಳಗೆ. ಡಿಪಿಎಫ್ (ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್) ಲೈಟ್ ಹತ್ತಿದೆ, ಗಾಡಿ ಎಳೀತಿಲ್ಲ, ಸ್ಕ್ಯಾನರ್‌ನಲ್ಲಿ ಪಿ2463, ಅಂದ್ರೆ ಫಿಲ್ಟರ್‌ನಲ್ಲಿ ಮಸಿ ಕಟ್ಟಿದೆ ಅನ್ನೋ ಕೋಡ್. ಎರಡು ಸಲ ಫೋರ್ಸ್ಡ್ ರೀಜನ್ (ಸ್ಕ್ಯಾನರ್‌ನಿಂದ ಕಾವು ಏರಿಸಿ ಮಸಿ ಸುಡಿಸೋದು) ಮಾಡಿಸಿದ್ದಾಯ್ತು, ಹತ್ತು ದಿನಕ್ಕೆ ಮತ್ತೆ ಅದೇ. ಹೊಸದಕ್ಕೆ ದುಡ್ಡು ಹೊಂದಲ್ಲ. ಗುಜರಿಯಲ್ಲಿ ಇದೇ ಮಾಡೆಲ್‌ನ 2023ರ ಗಾಡಿದು ಇದೆ ಅಂತಿದ್ದಾರೆ. ಕೂರುತ್ತಾ?

ಜೋಗಿಮಟ್ಟಿ_48 (ಚಿತ್ರದುರ್ಗ):
ಅಡ್ವಾನ್ಸ್ ಕೊಡಬೇಡಿ. ನಿಮ್ಮದು ಯಾಕೆ ಕಟ್ಟಿಕೊಂಡಿದೆ ಅಂತ ಮೊದಲು ಗೊತ್ತಾಗಲಿ, ಇಲ್ಲದಿದ್ದರೆ ತಂದು ಹಾಕಿದ್ದೂ ಅದೇ ದಾರಿ ಹಿಡಿಯುತ್ತೆ. ಡಿಫರೆನ್ಷಿಯಲ್ ಪ್ರೆಶರ್ (ಫಿಲ್ಟರ್‌ನ ಹಿಂದೆ ಮುಂದೆ ಇರುವ ಒತ್ತಡದ ವ್ಯತ್ಯಾಸ) ಮೂರು ಸಲ ಬರೆದುಕೊಳ್ಳಿ: ಕೀ ಆನ್ ಇಂಜಿನ್ ಆಫ್, ಐಡಲ್, 3000 ಆರ್‌ಪಿಎಂ. ಇಂಜಿನ್ ಆಫ್ ಇದ್ದಾಗ ಸೊನ್ನೆ ಬರಲೇಬೇಕು, ಬರದಿದ್ದರೆ ಸೆನ್ಸರ್ ಮೇಲೆ ಅನುಮಾನ. ಸೆನ್ಸರ್‌ಗೆ ಹೋಗುವ ಎರಡು ಪೈಪ್ ಬಿಚ್ಚಿ, ಬಿರುಕು ಬಿಟ್ಟಿದೆಯಾ, ಕಟ್ಟಿದೆಯಾ ನೋಡಿ. ಸೆನ್ಸರ್ ಕಡೆಗೆ ಮಾತ್ರ ಗಾಳಿ ಹೊಡೆಯಬೇಡಿ, ಒಳಗಿನ ಪೊರೆ ಹಾಳಾಗುತ್ತೆ. ಆಯಿಲ್ ಡಿಪ್‌ಸ್ಟಿಕ್ಕೂ ನೋಡಿ.

ಬಾತಿ_ವ್ಯಾನ್:
ಕೀ ಆನ್ 0. ಐಡಲ್ 2.1 ಕೆಪಿಎ. 3000ಕ್ಕೆ 14. ರೀಜನ್ ಮುಗಿದ ಅರ್ಧ ಗಂಟೆಗೆ ತೆಗೆದ ರೀಡಿಂಗ್ ಇದು. ರೀಜನ್‌ನಲ್ಲಿ 600 ಡಿಗ್ರಿ ದಾಟಿತ್ತು. ಪೈಪ್ ಸರಿಯಿವೆ. ಆಯಿಲ್ ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಮೇಲಿದೆ, ಡೀಸೆಲ್ ವಾಸನೆ.

ಹರಿಹರ_ಡೀಸೆಲ್:
ಇನ್ನೊಂದು ರೀಜನ್ ಮಾಡಿಸಲೇಬೇಡಿ. ರೀಜನ್ ಹೊತ್ತಲ್ಲಿ ತಡವಾಗಿ ಹೊಡೆಯುವ ಡೀಸೆಲ್ ಸಿಲಿಂಡರ್ ಗೋಡೆಗೆ ಹತ್ತಿ ಸಂಪ್‌ಗೆ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ) ಇಳಿದಿದೆ. ಊರೊಳಗೆ ಗಾಡಿ ಆಫ್ ಮಾಡಿದಾಗೆಲ್ಲ ರೀಜನ್ ಅರ್ಧಕ್ಕೆ ನಿಂತು, ಮತ್ತೆ ಮೊದಲಿಂದ ಶುರುವಾಗುತ್ತೆ. ಈ ತೆಳು ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ಹೋಗುತ್ತೆ, ಆಯಿಲ್ ಇನ್ನೂ ಏರಿದರೆ ಇಂಜಿನ್ನೇ ಅದನ್ನು ಎಳೆದುಕೊಂಡು ಕೈಮೀರಿ ರೇಸ್ ಆಗಬಹುದು. ಇವತ್ತೇ ಆಯಿಲ್, ಫಿಲ್ಟರ್ ಬದಲಿಸಿ.

ಇನ್ನು 3000 ಆರ್‌ಪಿಎಂಗೆ ಬಂದ ಆ 14 ಕೆಪಿಎ, ಅದು ಜಾಸ್ತಿ. ಮಸಿ 550ರಿಂದ 600 ಡಿಗ್ರಿಯಲ್ಲಿ ಸುಟ್ಟುಹೋಗುತ್ತೆ. ಅಷ್ಟು ಕಾವು ಕೊಟ್ಟ ಮೇಲೂ ಇಳಿದಿಲ್ಲ ಅಂದ್ರೆ ಒಳಗಿರೋದು ಹೆಚ್ಚಾಗಿ ಬೂದಿ, ಇಲ್ಲವೇ ಕೋರ್ (ಒಳಗಿನ ಸೆರಾಮಿಕ್ ಜಾಲರಿ) ಕರಗಿ ಕಿಂಡಿ ಮುಚ್ಚಿದೆ. ಬೂದಿ ಬರೋದು ಇಂಜಿನ್ ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಜಿಂಕ್‌ನಿಂದ. ಯಾವ ರೀಜನ್‌ಗೂ ಅದು ಹೋಗಲ್ಲ. ಮ್ಯಾನ್ಯುಯಲ್‌ನಲ್ಲಿ ಎಸಿಇಎ ಸಿ3 ಅನ್ನೋ ಆಯಿಲ್ ಗ್ರೇಡ್ ಅಂದಿದ್ದರೆ ಅದನ್ನೇ ಹಾಕಬೇಕು, ಅದರಲ್ಲಿ ಸಲ್ಫೇಟೆಡ್ ಆಶ್ (ಬೂದಿ ಅಂಶ) ಮಿತಿ 0.8%. ಅಗ್ಗಕ್ಕೆ ಸಿಗುವ ಹಳೇ ಗ್ರೇಡ್ ಹಾಕಿದರೆ ಫಿಲ್ಟರ್ ಬೇಗ ತುಂಬುತ್ತೆ.

ತಣ್ಣಗಾದ ಮೇಲೆ ನಿಮ್ಮದನ್ನು ಇಳಿಸಿ, ಔಟ್‌ಲೆಟ್ ಕಡೆ ಟಾರ್ಚ್ ಬಿಟ್ಟು ನೋಡಿ. ಕೋರ್ ಸರಿಯಿದ್ದರೆ ಬೇರೆ ತಗೊಳ್ಳೋದೇ ಬೇಡ, ಬೂದಿ ತೆಗೆಸಿದರೆ ಸಾಕು. ನಿಮ್ಮ ಗಾಡಿಯದೇ ಫಿಲ್ಟರ್‌ಗಿಂತ ಚೆನ್ನಾಗಿ ಹೊಂದುವುದು ಇನ್ಯಾವುದೂ ಇಲ್ಲ.

ಬಾತಿ_ವ್ಯಾನ್:
ಇಳಿಸಿದೆ. ಔಟ್‌ಲೆಟ್ ಮುಖದ ಅಂಚಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕಪ್ಪಗಿದೆ. ಅದರ ಪಕ್ಕದಲ್ಲಿ ಚೌಕಗಳೆಲ್ಲ ಒಂದಕ್ಕೊಂದು ಅಂಟಿ ಗಾಜಿನ ಹಾಗೆ ಹೊಳೆಯುತ್ತಿವೆ.

ಹರಿಹರ_ಡೀಸೆಲ್:
ಕರಗಿದೆ, ಬಿರುಕೂ ಬಿಟ್ಟಿದೆ. ತೊಳೆಸಿ ಪ್ರಯೋಜನವಿಲ್ಲ. ಈಗ ಸೆಕೆಂಡ್ ಹ್ಯಾಂಡ್ ಯೋಚನೆ ಮಾಡಿ.

ತುಂಗಭದ್ರ_ಲೋಡ್:
ಒಳಗಿನ ಕೋರ್ ಕಿತ್ತು ಸಾಫ್ಟ್‌ವೇರ್‌ನಲ್ಲಿ ಆಫ್ ಮಾಡಿಸಿದರೆ ಮುಗೀತಲ್ಲ?

ಜೋಗಿಮಟ್ಟಿ_48:
ದಯವಿಟ್ಟು ಆ ದಾರಿ ಹೇಳಿಕೊಡಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿನ್ಯಾಸ ಹಾಗೆ ಬದಲಿಸುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, ಗೇಟ್ ಮುಂದೆ ಗಾಡಿ ಐಡಲ್‌ನಲ್ಲಿ ನಿಂತಾಗ ಆ ಹೊಗೆ ಹಿಂದೆ ಸಾಲಾಗಿ ನಿಂತ ಮಕ್ಕಳ ಮುಖಕ್ಕೇ ಹೋಗೋದು.

ಈಗ 2023ರ ಪೀಸ್ ವಿಚಾರ. 2023ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮದ ಎರಡನೇ ಹಂತ ಬಂತು. ಅದಾದ ಮೇಲೆ ತಯಾರಾದ ಗಾಡಿಯದಾದರೆ ಸೆನ್ಸರ್ ತೂತು, ಬ್ರಾಕೆಟ್, ಕೋಟಿಂಗ್ ಬೇರೆ ಇರಬಹುದು. ಮಾಡೆಲ್ ಹೆಸರು ನಂಬಬೇಡಿ. ಡಬ್ಬಿ ಮೇಲೆ ಒತ್ತಿದ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು. ಕೊನೆಯ ಅಕ್ಷರ ಬೇರೆಯಿದ್ದರೆ ನಿಮ್ಮ ಚಾಸಿಸ್ ನಂಬರ್ ಕೊಟ್ಟು ಪಾರ್ಟ್ಸ್ ಕೌಂಟರ್‌ನಲ್ಲಿ ಕೇಳಿ.

ಗುಜರಿಗೆ ಹೋಗುವಾಗ ಟಾರ್ಚು, ಬಿಳಿ ಬಟ್ಟೆ, ಮಾಸ್ಕ್ ಒಯ್ಯಿರಿ. ಬಟ್ಟೆ ಬೆರಳಿಗೆ ಸುತ್ತಿ ಔಟ್‌ಲೆಟ್ ಮುಖ ಒರೆಸಿ. ತಿಳಿ ಬೂದು ಬಣ್ಣ ಹತ್ತಿದರೆ ಸರಿ, ಕಪ್ಪು ಮಸಿ ಹತ್ತಿದರೆ ಒಳಗೆ ಒಡೆದಿದೆ, ವಾಪಸ್ ಬನ್ನಿ. ಡಿಪಿಎಫ್‌ನಲ್ಲಿ ಒಂದು ಬಿಟ್ಟು ಒಂದು ಕಿಂಡಿ ಮುಚ್ಚಿರುತ್ತೆ, ಹಾಗಾಗಿ ಈ ಕಡೆಯಿಂದ ಬಿಟ್ಟ ಬೆಳಕು ಆ ಕಡೆ ನೇರ ಕಾಣಬಾರದು. ಕಂಡರೆ ಕೋರ್ ತೆಗೆದಿದ್ದಾರೆ, ಇಲ್ಲವೇ ಅದು ಬರೀ ಡಿಒಸಿ (ಡಿಪಿಎಫ್‌ಗಿಂತ ಮುಂಚೆ ಕೂರುವ ಕ್ಯಾಟಲಿಸ್ಟ್). ಡಿಒಸಿಯ ಪ್ಲಾಟಿನಂ, ಪಲ್ಲೇಡಿಯಂ ಆಸೆಗೆ ಅದರ ಕೋರನ್ನೂ ತೆಗೆದು ಡಬ್ಬಿಗೆ ವೆಲ್ಡ್ ಹೊಡೆದಿರುವುದುಂಟು. ಎರಡೂ ಒಂದೇ ಡಬ್ಬಿಯಲ್ಲಿದ್ದರೆ ಇನ್‌ಲೆಟ್ ಕಡೆಯಿಂದಲೂ ನೋಡಿ. ಡಿಒಸಿ ಇಲ್ಲದೆ ರೀಜನ್‌ಗೆ ಬೇಕಾದ ಕಾವೇ ಹುಟ್ಟಲ್ಲ. ಅಲ್ಲಾಡಿಸಿದಾಗ ಗಲಗಲ ಅಂದರೆ ಬೇಡ. ಬಿಲ್ಲಿನಲ್ಲಿ ಆ ಗಾಡಿಯ ಚಾಸಿಸ್ ನಂಬರ್ ಬರೆಸಿಕೊಳ್ಳಿ, ಕದ್ದ ಮಾಲು ನಿಮ್ಮ ತಲೆಗೆ ಬರಬಾರದು.

ಹರಿಹರ_ಡೀಸೆಲ್:
ತಂದ ಪೀಸ್ ಹಾಗೇ ಹಾಕಬೇಡಿ, ಬೂದಿ ತೆಗೆಸಿ: ಫರ್ನೇಸ್‌ನಲ್ಲಿ ನಿಧಾನ ಕಾಯಿಸಿ, ನಿಧಾನ ಆರಿಸಿ, ಔಟ್‌ಲೆಟ್‌ನಿಂದ ಇನ್‌ಲೆಟ್ ಕಡೆಗೆ ಗಾಳಿ ಹೊಡೆಯುವ ವಿಧಾನ. ವಾಟರ್ ಸರ್ವಿಸ್ ಗನ್ ಬೇಡ, ಕಾಸ್ಟಿಕ್ಕೂ ಬೇಡ, ಕೋಟಿಂಗ್ ಹೋಗುತ್ತೆ. ಮುಂಚೆ, ಆಮೇಲೆ ಎರಡೂ ತೂಕ ಬರೆಸಿಕೊಳ್ಳಿ. ಎರಡು ಸಲವೂ ಬಿಸಿ ಇರುವಾಗಲೇ ತೂಗಬೇಕು. ತಣ್ಣಗಿನ ಸೆರಾಮಿಕ್ ತೇವ ಹೀರಿ ಲೆಕ್ಕ ತಪ್ಪಿಸುತ್ತೆ.

ಬಾತಿ_ವ್ಯಾನ್:
ಹಾಕಿದ ಮೇಲೆ ಸ್ಕ್ಯಾನರ್‌ನಲ್ಲಿ ಹೊಸ ಡಿಪಿಎಫ್ ಅಂತ ರೀಸೆಟ್ ಕೊಟ್ಟರೆ ಸಾಕಾ?

ಹರಿಹರ_ಡೀಸೆಲ್:
ಬೂದಿ ತೆಗೆಸಿದ್ದರೆ ಕೊಡಿ. ತೆಗೆಸದೆ ಸೊನ್ನೆ ಮಾಡಿದರೆ ಇಸಿಯು (ಇಂಜಿನ್ ಕಂಪ್ಯೂಟರ್) ಬೂದಿಯಿಂದ ಏರಿದ ಪ್ರೆಶರನ್ನು ಮಸಿ ಅಂತ ಲೆಕ್ಕ ಹಾಕಿ ಪದೇ ಪದೇ ರೀಜನ್ ಮಾಡುತ್ತೆ, ಮತ್ತೆ ಆಯಿಲ್‌ಗೆ ಡೀಸೆಲ್. ಗ್ಯಾಸ್ಕೆಟ್, ಕ್ಲಾಂಪ್ ಹೊಸದೇ ಇರಲಿ. ಪ್ರೆಶರ್ ಪೈಪ್ ಎರಡನ್ನು ಅದಲುಬದಲು ಮಾಡಬೇಡಿ. ಹಾಕುವ ಮುಂಚೆ ಇಂಜೆಕ್ಟರ್ ಲೀಕ್‌ಬ್ಯಾಕ್ (ಇಂಜೆಕ್ಟರ್‌ನಿಂದ ವಾಪಸ್ ಸೋರುವ ಡೀಸೆಲ್), ಇಜಿಆರ್ (ಹೊಗೆಯ ಒಂದು ಪಾಲನ್ನು ಇಂಜಿನ್‌ಗೆ ಮರಳಿಸುವ ವಾಲ್ವ್), ಟರ್ಬೋ ಆಯಿಲ್ ಸೋರಿಕೆ ಮೂರೂ ಚೆಕ್ ಆಗಲಿ. ಇಷ್ಟು ಮಸಿಯ ಮೂಲ ಅಲ್ಲೆಲ್ಲೋ ಇದ್ದರೆ ಹೊಸದೂ ಕರಗುತ್ತೆ.

ಜೋಗಿಮಟ್ಟಿ_48:
ಆಮೇಲೆ ಹೈವೇಯಲ್ಲಿ ಚಿತ್ರದುರ್ಗದವರೆಗೆ ಬಂದು ಹೋಗಿ. ಸುಮಾರು 60 ಕಿ.ಮೀ., ಟಾಪ್ ಗೇರಿಗಿಂತ ಒಂದು ಕೆಳಗೆ, 2000 ಆರ್‌ಪಿಎಂಗಿಂತ ಕೆಳಗೆ ಇಳಿಯದ ಹಾಗೆ. ವಾಪಸ್ ಹೋದ ಮೇಲೆ 3000ಕ್ಕೆ ಪ್ರೆಶರ್ ನೋಡಿ ಇಲ್ಲಿ ಹಾಕಿ. ಲೋಡ್ ಇಲ್ಲದೆ 5 ಕೆಪಿಎ ಒಳಗಿದ್ದರೆ ಪೀಸ್ ಚೆನ್ನಾಗಿದೆ ಅಂತ. ಮಕ್ಕಳ ಟ್ರಿಪ್ ಮುಗಿದ ಮೇಲೆ ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಹೀಗೆ ಬೈಪಾಸ್‌ನಲ್ಲಿ ಓಡಿಸಿ, ರೀಜನ್ ನಡೆಯುತ್ತಿದ್ದರೆ ಮುಗಿಯುವವರೆಗೂ ಕೀ ಆಫ್ ಮಾಡಬೇಡಿ.